ಅಮ್ಮನ ಕೋಣೆಯ ಗೋಡೆ

ಬೀದಿಯವರೆಲ್ಲ ಅವನನ್ನು ಕರೆಯುವುದು ಪೇಂಟರಣ್ಣ ಎಂದು. ಮೂವತ್ತು ವರ್ಷ ಬ್ರಷ್ ಹಿಡಿದ ಕೈ. ಬೆರಳಿನಿಂದ ಗೋಡೆ ತಟ್ಟಿ, ಒಳಗೆ ಎಲ್ಲಿ ತೇವವಿದೆ ಎಂದು ಹೇಳಿಬಿಡುತ್ತಿದ್ದ.

ಅವನ ಅಮ್ಮ ಹಳೇ ಮನೆಯಲ್ಲಿದ್ದಳು, ಅವನು ಹೆಂಡತಿ ಮಕ್ಕಳೊಂದಿಗೆ ಎರಡು ಬೀದಿಯಾಚೆ. ಅಮ್ಮನ ಕೋಣೆಯ ಹಿಂದೆಯೇ ಬಚ್ಚಲುಮನೆ. ಗೋಡೆಯೊಳಗಿನ ಪೈಪು ಎಲ್ಲೋ ಸೋರುತ್ತಿತ್ತು.

"ಲೋ, ಗೋಡೆ ಬೆವರ್ತಿದೆ ಕಣೋ. ಒಂದ್ಸಲ ನೋಡೋ."

"ಈ ಭಾನುವಾರ ನೋಡ್ತೀನಮ್ಮ."

ಹೀಗೇ ಆರು ವರ್ಷ. "ದೀಪದ ಬುಡದಲ್ಲೇ ಕತ್ತಲೆ," ಎಂದು ಅಮ್ಮ ಕೆಮ್ಮುತ್ತಲೇ ನಗುತ್ತಿದ್ದಳು. ಕೊನೆಗೆ ಆ ಕೆಮ್ಮು ಎದೆಗಿಳಿದು, ಒಂದು ವಾರದಲ್ಲಿ ತೀರಿಕೊಂಡಳು.

ಮನೆ ಮಾರುವುದೆಂದು ತೀರ್ಮಾನವಾದ ಮೇಲೆ ಅಕ್ಕ ಬಂದಳು. ಇಬ್ಬರೂ ಸೇರಿ ಪಾತ್ರೆ, ಬಟ್ಟೆ, ಅಪ್ಪನ ಕಾಲದ ರೇಡಿಯೊ ಎಲ್ಲವನ್ನೂ ಮೂರು ದಿನ ವಿಂಗಡಿಸಿದರು. ಬೀರು ಸರಿಸಿದಾಗ ಹಿಂದೆ ಭುಜದೆತ್ತರಕ್ಕೆ ಕಪ್ಪು ಬೂಷ್ಟು. ಮಂಚದ ಪಕ್ಕದಲ್ಲಿ ಹೊದಿಕೆಗೆ ಒದ್ದೆ ತಾಗದಿರಲೆಂದು ಅಮ್ಮ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡಿದ್ದಳು.

ಅಕ್ಕ ಅದನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಳು. "ಕೊಳ್ಳೋರಿಗೆ ಹೇಳಿಬಿಡೋಣ ಕಣೋ."

"ಹೇಳಿದ್ರೆ ಯಾರು ತಗೋತಾರೆ? ಸುಮ್ನಿರಕ್ಕ, ಇದು ನನ್ನ ಕಸುಬು."

ಕೆರೆದ, ಪುಟ್ಟಿ ಹಚ್ಚಿದ, ಎರಡು ಕೋಟು ಕೆನೆಬಣ್ಣ ಬಳಿದ. ಎರಡೇ ದಿನದಲ್ಲಿ ಗೋಡೆ ಹಾಲಿನಂತಾಯಿತು. ಅಮ್ಮ ಇದ್ದಾಗ ಆ ಎರಡು ದಿನ ಅವನಿಗೆ ಸಿಕ್ಕಿರಲಿಲ್ಲ.

ಕೊಳ್ಳಲು ಬಂದವರು ನಿವೃತ್ತ ನರ್ಸ್. "ಈ ರೂಮು ನನ್ನ ತಂಗಿಗೆ. ಅವಳಿಗೆ ಉಬ್ಬಸ. ತೇವ ಗೀವ ಇಲ್ಲ ತಾನೆ? ನೀವು ಇದೇ ಕೆಲಸದೋರು, ನಿಮ್ಮ ಮಾತೇ ಸಾಕು."

"ಏನೂ ಇಲ್ಲ ಮೇಡಂ."

ಅಕ್ಕ ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದಳು. ಊರಿಗೆ ಹೊರಡುವಾಗಲೂ ಅವನೊಡನೆ ಸರಿಯಾಗಿ ಮಾತಾಡಲಿಲ್ಲ.

ಮೂರು ತಿಂಗಳಾದ ಮೇಲೆ ನರ್ಸಮ್ಮನ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ. "ಬಣ್ಣ ಉಬ್ಬಿ ಉದುರ್ತಿದೆ. ಪಾಪ, ನಿಮಗೂ ಗೊತ್ತಾಗಿರಲ್ಲ. ಸ್ವಲ್ಪ ಬಂದು ನೋಡ್ತೀರಾ?"

ಆ "ಪಾಪ" ಅವನನ್ನು ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಪ್ಲಂಬರನನ್ನು ಕರೆದುಕೊಂಡು ಹೋದ. ನರ್ಸಮ್ಮನ ತಂಗಿ ನಡುಮನೆಯಲ್ಲಿ ದಿಂಬಿಗೊರಗಿ ಕೂತಿದ್ದಳು. ಅವಳ ಎದೆಯ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಗೋಡೆ ಒಡೆದರೆ, ಪೈಪಿನ ಒಂದು ಜಾಯಿಂಟು ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನದೊಳಗೆ ಅದನ್ನು ಬದಲಿಸಿಯಾಯಿತು.

"ಇಷ್ಟೇನಾ?" ಎಂದ ಪ್ಲಂಬರ್, ಕೈ ಒರೆಸಿಕೊಳ್ಳುತ್ತಾ. "ಅರ್ಧ ದಿನದ ಕೆಲಸ!"

ಪೇಂಟರಣ್ಣ ಒಡೆದ ಇಟ್ಟಿಗೆಗಳ ಮುಂದೆ ಕೂತ. ನರ್ಸಮ್ಮ ಟೀ ತಂದಾಗ ಲೋಟ ಮುಟ್ಟಲಿಲ್ಲ.

"ಮೇಡಂ, ನನಗೆ ಗೊತ್ತಿತ್ತು. ಅವತ್ತು ಸುಳ್ಳು ಹೇಳಿದೆ."

ಆಕೆ ಒಡೆದ ಗೋಡೆಯತ್ತ ನೋಡಿದರು. "ನಿಮ್ಮಮ್ಮ ಮಲಗ್ತಿದ್ದದ್ದು ಇದೇ ರೂಮಲ್ಲಾ?"

"ಹೂಂ."

ಆಕೆ ಟೀ ಲೋಟ ಎತ್ತಿಕೊಂಡರು. "ಧೂಳು ನಡುಮನೆಗೆ ಬರದ ಹಾಗೆ ಬಾಗಿಲು ಹಾಕ್ಕೊಳ್ಳಿ," ಎಂದು ಹೊರಟುಹೋದರು.

ಗೋಡೆ ಪೂರ್ತಿ ಒಣಗುವವರೆಗೆ ಕಾದು, ಮತ್ತೆ ಗಾರೆ ಮಾಡಿ, ಬಣ್ಣ ಹಚ್ಚಿ ಮುಗಿಸಲು ಹದಿನೈದು ದಿನ ಹಿಡಿಯಿತು. ಅಷ್ಟೂ ದಿನ ನರ್ಸಮ್ಮ ಅವನೊಡನೆ ಕೆಲಸದ ಮಾತಿನಾಚೆ ಒಂದು ಮಾತೂ ಆಡಲಿಲ್ಲ. ತಂಗಿಗೂ ಏನೂ ಹೇಳಿರಲಿಲ್ಲ.

ಕೊನೆಯ ದಿನ ಅವನು ಹೊರಡುವಾಗ ತಂಗಿ ಬಾಗಿಲವರೆಗೆ ಬಂದಳು. "ಎಷ್ಟು ಚೆನ್ನಾಗಿ ಮಾಡಿದೀರಣ್ಣ! ನಿಮ್ಮಂಥೋರು ಸಿಗೋದು ಕಷ್ಟ."

ಅವನು ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿದ.