ಕರೀಂ ಸಾಬರಿಗೆ ನಾನು ಕೊಟ್ಟ ಉತ್ತರ

ಇಲ್ಯಾಸ್, ನೀನು ಆ ಕಂಪ್ಯೂಟರಿನೊಳಗಿಂದ ಏನನ್ನೂ ಕದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು. ನಿನ್ನ ತಂದೆ ನನ್ನ ಸ್ಟುಡಿಯೋಗೆ ಬಂದು ಕೇಳಿದರಲ್ಲ — ಆ ಹೊತ್ತಿಗಾಗಲೇ ಗೊತ್ತಿತ್ತು. ಗೊತ್ತಿದ್ದೂ ಅವರಿಗೆ ಬೇರೆ ಉತ್ತರ ಕೊಟ್ಟು ಕಳಿಸಿದೆ. ತಿಳಿಯದೆ ಮಾಡಿದ ತಪ್ಪು ಒಂದು, ತಿಳಿದು ಮಾಡಿದ್ದು ಇನ್ನೊಂದು. ಮೊದಲನೆಯದು ನಿನಗೆ ಗೊತ್ತು. ಎರಡನೆಯದನ್ನು ಇವತ್ತಿನವರೆಗೆ ನನ್ನ ಹೆಂಡತಿಗೂ ಹೇಳಿಲ್ಲ.

ನಾನು ಅನುಮಾನದ ಮನುಷ್ಯ. ಗಾವಡಗೆರೆ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಹುಟ್ಟಿದವನು. ಹರಾಜಿಗೆ ಕಟ್ಟುವ ಸೊಪ್ಪಿನ ಮೂಟೆಯ ಮೇಲುಗಡೆ ಬಂಗಾರದಂಥ ಎಲೆ ಜೋಡಿಸಿ ನಡುವೆ ಕರಿ ಎಲೆ ತುರುಕುವವರನ್ನು ಕಂಡು ಬೆಳೆದೆ. ಒಳಕ್ಕೆ ಕೈ ಹಾಕದೆ ಏನನ್ನೂ ಕೊಳ್ಳಬೇಡ ಎನ್ನುತ್ತಿದ್ದ ನನ್ನಪ್ಪ. ಹಾಲಿನವನ ಕ್ಯಾನಿಗೆ ಬೆರಳು ಅದ್ದುತ್ತಿದ್ದೆ. ಸ್ವಂತ ಭಾವಮೈದನಿಗೆ ಒಂದು ಮದುವೆಗೆಂದು ಕ್ಯಾಮೆರಾ ಕೊಟ್ಟರೆ, ವಾಪಸ್ ಬಂದ ಮೇಲೆ ಲೆನ್ಸು ನನ್ನದೇ ಹೌದೋ ಅಲ್ಲವೋ ಎಂದು ನಂಬರ್ ನೋಡುತ್ತಿದ್ದೆ. ಜನ ನಗುತ್ತಿದ್ದರು. ನಾನು ಅದನ್ನು ಜಾಣತನ ಎಂದುಕೊಂಡಿದ್ದೆ.

ಅಷ್ಟು ಜನರಲ್ಲಿ ನಾನು ಅನುಮಾನಪಡದ ಒಬ್ಬರೇ ಒಬ್ಬರು ನಿನ್ನ ತಂದೆ ಕರೀಂ ಸಾಬರು. ಹುಣಸೂರಿನಲ್ಲಿ ನಮ್ಮಿಬ್ಬರ ಅಂಗಡಿಗೆ ನಡುವೆ ಇದ್ದದ್ದು ಒಂದು ಗೋಡೆ. ನಾನು ಫೋಟೋ ತೆಗೆಯುತ್ತಿದ್ದೆ, ಅವರು ಗಾಜು ಕೊಯ್ದು ಫೋಟೋಗಳಿಗೆ ಕಟ್ಟು ಹಾಕುತ್ತಿದ್ದರು. ಗಾಜಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಗಿರಾಕಿಗೆ ತೋರಿಸಿಯೇ ಕೊಡುತ್ತಿದ್ದರು. ಅವರ ಮಗ ನೀನು. ಆ ಮಾತನ್ನು ನಾನು ನೆನಪಿಟ್ಟುಕೊಳ್ಳಬೇಕಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಮದುವೆ ಆಲ್ಬಮ್‌ಗೆ ಹೆಣ್ಣು-ಗಂಡಿನ ಹಿಂದೆ ಜಲಪಾತ ಬೇಕು, ಗುಲಾಬಿ ಬೇಕು, ಮೋಡ ಬೇಕು ಎಂದು ಜನ ಕೇಳತೊಡಗಿದ್ದರು. ಮೈಸೂರಿನಲ್ಲಿ ಮಾಡಿಸಿದರೆ ಲಾಭವೆಲ್ಲ ಅಲ್ಲಿಗೇ. ನೀನು ಮೈಸೂರಿನಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದೆ. ಬೆಂಗಳೂರಿನ ಆಫೀಸುಗಳವರು ಮಾರಿಬಿಡುವ ಹಳೆಯ ಮೆಷಿನ್ ತಂದು ನಮ್ಮಂಥ ಸ್ಟುಡಿಯೋದವರಿಗೆ ಕೊಡುವ ಯೋಚನೆ ನಿನ್ನದು. ಮೊದಲನೆಯದನ್ನು ನೀನು ನನ್ನ ಮೇಜಿನ ಮೇಲೆ ಇಟ್ಟೆ. "ಒಂದ್ ವಾರ ಇಟ್ಕೊಂಡು ನೋಡಿ ಸ್ವಾಮಣ್ಣ. ಫೋಟೋ ಕೆಲ್ಸಕ್ಕೆ ಆದ್ರೆ ತಗೊಳಿ, ಇಲ್ದಿದ್ರೆ ಬುಡಿ" ಎಂದೆ.

ಎತ್ತಿನ ಹಲ್ಲು ಹಿಡಿದು ನೋಡುವ ಹಾಗೆ ನೋಡಿದೆ ನಾನು. ಹಿಂದಿನ ಸ್ಕ್ರೂಗಳ ತಲೆ ಸವೆದಿದೆಯೇ — ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಡಬ್ಬದ ಬೆನ್ನಿಗೆ ಮೂಗಿಟ್ಟು ಸುಟ್ಟ ವಾಸನೆ ಹುಡುಕಿದೆ. ಒಂದು ಧಾರೆಯ ಫೋಟೋವನ್ನು ದೊಡ್ಡದಾಗಿ ತೆರೆದು, ಪರದೆಯ ಮೇಲಿನ ಸೀರೆಯ ಪಕ್ಕಕ್ಕೆ ಲ್ಯಾಬಿನಿಂದ ಬಂದ ಪ್ರಿಂಟ್ ಹಿಡಿದು, ಅರಿಶಿನ ಅರಿಶಿನವಾಗಿಯೇ ಕಾಣುತ್ತದೆಯೇ ಎಂದು ನೋಡಿದೆ. ಹೆಣ್ಣಿನ ಹಿಂದಿದ್ದ ಗೋಡೆ ಅಳಿಸಿ ಆಕಾಶ ಹಾಕಿದೆ. ನಿಧಾನವಾಗಿಯಾದರೂ ಮಾಡಿತು, ಎಲ್ಲಿಯೂ ನಿಂತುಹೋಗಲಿಲ್ಲ. ನಿಜ ಹೇಳುತ್ತೇನೆ — ನನ್ನ ಕೆಲಸಕ್ಕೆ ಆ ಮೆಷಿನ್ ಚೆನ್ನಾಗಿಯೇ ಆಗುತ್ತಿತ್ತು. ಅದೇ ನನ್ನನ್ನು ಕೊರೆಯಿತು. ಇಷ್ಟು ಚೆನ್ನಾಗಿದ್ದರೆ ಆಫೀಸಿನವರು ಯಾಕೆ ಮಾರಿದರು? ನೀನು ಯಾಕೆ ಒಂದು ವಾರ ಸುಮ್ಮನೆ ಬಿಟ್ಟೆ?

ಹುಡುಕುವವನಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ಮೆಮೊರಿ ಇನ್ನೂರ ಐವತ್ತಾರು ಎಂಬಿ ಇದೆ, ಫೋಟೋ ಕೆಲಸಕ್ಕೆ ಕನಿಷ್ಠ ಅಷ್ಟು ಬೇಕು ಎಂದು ನೀನೇ ಹೇಳಿದ್ದೆ. ಮೆಷಿನ್ನಿನ ವಿವರ ತೋರಿಸುವ ಕಡೆ ಒತ್ತಿ ನೋಡಿದರೆ ಇನ್ನೂರ ಇಪ್ಪತ್ತನಾಲ್ಕು ಎಂದಿತ್ತು. ಸಿಕ್ಕಿಬಿದ್ದನಲ್ಲಾ ಎಂದುಕೊಂಡೆ. ದೊಡ್ಡ ಮೆಮೊರಿ ಚಿಪ್ಪು ತೆಗೆದು ಸಣ್ಣವು ಹಾಕಿ ತಂದಿದ್ದಾನೆ ಎಂದು ತೀರ್ಮಾನ ಮಾಡಿಬಿಟ್ಟೆ. ಹೊಟ್ಟೆಯೊಳಗೆ ಒಂದು ಸಂತೋಷವೂ ಆಯಿತು — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಕಟ್ಟು ಹೊತ್ತು ತಂದುಕೊಡುತ್ತಿದ್ದ ಹುಡುಗ ನನಗೆ ಪಾಠ ಹೇಳಲು ಬಂದಿದ್ದನಲ್ಲ, ಈಗ ನೋಡು ಎಂಬಂಥದ್ದು.

ಕರೆಸಿ ಕೇಳಿದೆ. ನಿನ್ನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಮನಸ್ಸಿನಲ್ಲೇ ಅಂದುಕೊಂಡೆ. "ಡಿಸ್‌ಪ್ಲೇ ಬೋರ್ಡಲ್ಲೇ ಐತೆ ಕಣಣ್ಣ, ಒಸಿ ಮೆಮೊರಿ ಅದು ತಗೊಳ್ತದೆ. ಬಿಚ್ಚಿ ಚಿಪ್ಪು ತೋರಿಸ್ಲಾ?" ಎಂದೆ ನೀನು. ಹಾಲಿನವನು ಹಸು ಮಳೆಯಲ್ಲಿ ನೆನೆಯಿತು, ಅದಕ್ಕೇ ಹಾಲು ತೆಳು ಎಂದ ಹಾಗೆ ಕೇಳಿಸಿತು ನನಗೆ. ಬಿಚ್ಚಬೇಡ, ನಿನ್ನ ಮೆಷಿನ್ ನೀನು ತಗೊಂಡು ಹೋಗು ಎಂದೆ. ಜೀವಮಾನವೆಲ್ಲ ಎಲ್ಲದರೊಳಗೂ ಕೈ ಹಾಕಿ ನೋಡಿದವನು ಆ ಒಂದು ದಿನ ಮಾತ್ರ ಒಳಗೆ ನೋಡಲು ಒಪ್ಪಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ — ಬಿಡಲಿಲ್ಲ. ಮೈಸೂರಿನ ಕಲರ್ ಲ್ಯಾಬಿನ ಮುಂದಿನ ಬೆಂಚಿನಲ್ಲಿ ಪ್ರಿಂಟ್ ಬರುವವರೆಗೆ ನಾವೆಲ್ಲ ಕಾಯುತ್ತಿದ್ದೆವು, ಪಿರಿಯಾಪಟ್ಟಣದವರು, ಕೆ.ಆರ್. ನಗರದವರು, ಕೋಟೆಯವರು. ಅವರಲ್ಲಿ ಕೆಲವರು ನಿನಗೆ ಮೆಷಿನ್ ತರಲು ಹೇಳಿದ್ದರು. ಕರೀಂ ಸಾಬರ ಮಗ ಒಳಗಿನದು ಬದಲಾಯಿಸಿ ಕೊಡ್ತಾನೆ, ಹುಷಾರು ಎಂದೆ. ಒಂದೇ ಮಾತು, ಟೀ ಕುಡಿಯುತ್ತಾ. ನೀನು ಅವರಿಗೆಂದು ತಂದ ಮೆಷಿನ್‌ಗಳು ನಿಮ್ಮ ಅಂಗಡಿಯಲ್ಲಿ ಗಾಜಿನ ಹಾಳೆಗಳ ಪಕ್ಕ ಹಾಗೇ ಉಳಿದವು. ಯಾರೂ ತಗೊಳ್ಳಲಿಲ್ಲ.

ಆಮೇಲೆ ಮೈಸೂರಿನ ದೊಡ್ಡ ಅಂಗಡಿಯೊಂದರಲ್ಲಿ ಹೊಸ ಕಂಪ್ಯೂಟರ್ ಕೊಂಡೆ. ಮನೆಗೆ ತಂದು ಮಾಡಿದ ಮೊದಲ ಕೆಲಸ ಅದೇ ವಿವರ ತೆರೆದದ್ದು. ಅಲ್ಲಿಯೂ ಹೇಳಿದ್ದಕ್ಕಿಂತ ಕಡಿಮೆ! ಜಗಳಕ್ಕೆಂದೇ ಮಾರನೆಯ ದಿನ ಬಸ್ ಹತ್ತಿದೆ. ಅಂಗಡಿಯವನು ಗಲಾಟೆ ಮಾಡಲಿಲ್ಲ. ಮೆಷಿನ್ ಬಿಚ್ಚಿ ಚಿಪ್ಪಿನ ಮೇಲಿನ ಚೀಟಿ ತೋರಿಸಿದ. ಪರದೆಗೆ ಚಿತ್ರ ಕಳಿಸುವ ಡಿಸ್‌ಪ್ಲೇಗೆ ಬೇರೆ ಕಾರ್ಡಿಲ್ಲದೆ ಅದು ಮುಖ್ಯ ಬೋರ್ಡಿನಲ್ಲೇ ಇದ್ದರೆ ಅಷ್ಟು ಮೆಮೊರಿ ಅದಕ್ಕೆ ಹೋಗುತ್ತದೆ, ಇಂಥ ಎಲ್ಲ ಮೆಷಿನ್ನಿನಲ್ಲೂ ಹೀಗೇ ಎಂದ. ನೀನು ಹೇಳಿದ್ದ ಮಾತೇ.

ವಾಪಸ್ ಬರುವ ಬಸ್ಸಿನಲ್ಲಿ ನಿನಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೇ ಬಂದೆ. ಇಳಿದಾಗ ನಿಮ್ಮ ಅಂಗಡಿ ತೆರೆದಿತ್ತು. ನಾಳೆ ಹೇಳಿದರಾಯಿತು ಎಂದು ತಲೆ ತಗ್ಗಿಸಿ ನನ್ನ ಬಾಗಿಲು ತೆರೆದೆ. ನಾಳೆ ಬಂತು. ನಿನಗೊಬ್ಬನಿಗೆ ಹೇಳಿದರೆ ಸಾಲದು, ಲ್ಯಾಬಿನ ಬೆಂಚಿನಲ್ಲಿ ಕೂತು ಅಷ್ಟೂ ಜನಕ್ಕೆ ಹೇಳಬೇಕು — ಸ್ವಾಮಣ್ಣನಿಗೆ ಕಂಪ್ಯೂಟರ್ ನೋಡಲೂ ಬರಲಿಲ್ಲ ಎಂದು ಅವರು ನಗುತ್ತಾರೆ — ಅಲ್ಲಿಗೆ ಬಂದಾಗೆಲ್ಲ ನಾಲಿಗೆ ಹಿಂದಕ್ಕೆ ಹೋಗುತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ನಿನ್ನ ತಂದೆ ಬಂದರು. ಸ್ಟುಡಿಯೋದಲ್ಲಿ ನಾನೊಬ್ಬನೇ. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

"ಸ್ವಾಮಣ್ಣೋರೆ, ನಿಮ್ ಬಾಯಲ್ಲೇ ಕೇಳ್ಬೇಕು ಅಂತ ಬಂದೆ. ನನ್ ಮಗ ಮೋಸ ಮಾಡವ್ನಾ?"

ಇಲ್ಲ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ನಾನು ಹೇಳಿದ್ದು ಇದು:

"ಹುಡುಗ್ರು ಬುದ್ಧಿ, ಬುಡಿ ಸಾಬ್ರೆ. ದೊಡ್ಡದು ಮಾಡ್ಬೇಡಿ."

ನೋಡಿದೆಯಾ ನನ್ನ ದೊಡ್ಡತನ? ಕದ್ದಿದ್ದಾನೆ ಎನ್ನಲಿಲ್ಲ, ಕ್ಷಮಿಸಿಬಿಟ್ಟೆ. ಮಾಡದ ತಪ್ಪನ್ನು ಕ್ಷಮಿಸಿದರೆ ಅದು ಮಾಡಿದ ಹಾಗೇ ಆಗಿಹೋಗುತ್ತದೆ. ಎರಡು ದಿನ ಬಿಟ್ಟು ಅವರು ನನ್ನ ಶೋಕೇಸಿನ ಸೀಳಿದ್ದ ಗಾಜನ್ನು ತಾವಾಗಿಯೇ ಬದಲಾಯಿಸಿದರು. ದುಡ್ಡು ಬೇಡವೆಂದರು. ಮಗನ ಪರವಾಗಿ ತೀರಿಸುತ್ತಿದ್ದಾರೆ ಎಂದು ನನಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ ಹಾಕಿಸಿಕೊಂಡೆ.

ಹರಾಮಿನ ಅನ್ನ ನನ್ನ ಮನೆಗೆ ಬೇಡ ಎಂದು ಅವರು ನಿನಗೆ ಹೇಳಿದ್ದು ಗೋಡೆಯ ಈಚೆಗೂ ಕೇಳಿಸಿತು. ನೀನು ಆಣೆ ಇಟ್ಟು ಹೇಳಿದ್ದೂ ಕೇಳಿಸಿತು. ನಾನು ಕ್ಯಾಮೆರಾ ಒರೆಸುತ್ತಾ ಕೂತಿದ್ದೆ. ನೀನು ಬೀಚನಹಳ್ಳಿ ಕಡೆಯ ರೆಸಾರ್ಟಿನಲ್ಲಿ ವೈರಿಂಗ್ ಕೆಲಸಕ್ಕೆ ಸೇರಿದೆ. ಹಬ್ಬಕ್ಕೆ ಬಂದರೂ ಅಪ್ಪನ ಅಂಗಡಿಗೆ ಕಾಲಿಡುತ್ತಿರಲಿಲ್ಲ. ಅವರೂ ನಿನ್ನ ಹೆಸರೆತ್ತುತ್ತಿರಲಿಲ್ಲ. ಹಾಗೇ ಅವರು ತೀರಿಕೊಂಡರು. ಅವರನ್ನು ಮಣ್ಣು ಮಾಡಿದ ದಿನ ನೀನು ನನ್ನ ಕೈ ಹಿಡಿದು, ಅಪ್ಪನಿಗೆ ನಿಮ್ಮ ಮೇಲೆ ತುಂಬ ಗೌರವ ಇತ್ತು ಅಣ್ಣ ಎಂದೆ. ಆಗಲೂ ನಾನು ತಲೆಯಾಡಿಸಿ ಮನೆಗೆ ನಡೆದೆ.

ನೀನು ಏನನ್ನೂ ಬದಲಾಯಿಸಿರಲಿಲ್ಲ ಎಂದು ಬದುಕಿರುವ ಹಳೆಯ ಸ್ಟುಡಿಯೋದವರಿಗೆ ಈ ತಿಂಗಳು ಒಬ್ಬೊಬ್ಬರಿಗೇ ಹೋಗಿ ಹೇಳಿದ್ದೇನೆ. ಕೆಲವರಿಗೆ ನೆನಪೇ ಇರಲಿಲ್ಲ. ಅವರು ಮರೆತೇಬಿಟ್ಟ ಮಾತಿನಿಂದ ನಿನ್ನ ಬದುಕು ಕೆಟ್ಟಿತಲ್ಲ ಎಂದು ಇನ್ನಷ್ಟು ಸಂಕಟವಾಯಿತು. ನಿನ್ನ ಮನೆಗೂ ಬರುತ್ತೇನೆ, ನಿನ್ನ ಹೆಂಡತಿ ಮಕ್ಕಳ ಎದುರಿಗೇ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಬಾಗಿಲು ಹಾಕಿಕೊಂಡರೆ ಹೊರಗಿನಿಂದಲೇ ಹಿಂತಿರುಗುತ್ತೇನೆ.

ಇಷ್ಟು ವರ್ಷ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡೆ — ಸಾಬರು ಆಗಲೇ ಊರಿನ ಮಾತು ನಂಬಿದ್ದರು, ನನ್ನ ಉತ್ತರದಿಂದ ಹೆಚ್ಚುಕಮ್ಮಿ ಏನೂ ಆಗಲಿಲ್ಲ ಎಂದು. ಸುಳ್ಳು. ನಂಬಿದವರು ಕೇಳಲು ಬರುವುದಿಲ್ಲ. ನಾನು ಹೇಳಿ ಮುಗಿಸಿದ ಮೇಲೂ ಅವರು ಹೋಗದೆ ಸ್ವಲ್ಪ ಹೊತ್ತು ನಿಂತಿದ್ದರು, ನನ್ನ ಮುಖವನ್ನೇ ನೋಡುತ್ತಾ — ಇನ್ನೊಂದು ಮಾತು ಬರಬಹುದೇನೋ ಎಂದು. ಅಪ್ಪ ನನ್ನನ್ನು ನಂಬಲಿಲ್ಲ ಎಂದು ನೀನು ಇವತ್ತಿಗೂ ಅಂದುಕೊಂಡಿದ್ದೀಯ. ನಿನ್ನನ್ನು ನಂಬುವುದಕ್ಕೇ ಬಂದಿದ್ದರು, ಇಲ್ಯಾಸ್. ನಾನು ಬಿಡಲಿಲ್ಲ.