ಹಗೇವಿನೊಳಗೆ ಆರಿದ ದೀಪ

ನಾನು ನಿಂತಿದ್ದದ್ದು ಶಾಂತಿಗ್ರಾಮದ ಒಂದು ಕಣದಲ್ಲಿ, ಹಗೇವಿನ ಬಾಯಿಂದ ಮೂರು ಹೆಜ್ಜೆ ಪಡುವಣಕ್ಕೆ. ಯುದ್ಧದ ಕಾಲ, ಕಾರ್ತಿಕದ ಬೆಳಿಗ್ಗೆ. ಬಿಸಿಲು ಆಗತಾನೇ ಹುಲ್ಲಿನ ಮೆದೆ ದಾಟಿತ್ತು.

ಹಾಸನದ ಹಿಟ್ಟಿನ ಕಾರ್ಖಾನೆಗೆ ರಾಗಿ ಒದಗಿಸುವ ಹೊಣೆ ನನ್ನದು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಗಾಡಿಗಳು ಯಾವ ದಿನ ಬರಬೇಕೆಂದು ಗೊತ್ತುಮಾಡುತ್ತಿದ್ದವನು ನಾನು. ಆ ವಾರ ಹೊಳೆ ತುಂಬಿ ಅರಕಲಗೂಡಿನ ಗಾಡಿಗಳು ಆಚೆ ದಡದಲ್ಲೇ ಉಳಿದವು; ಬೇರೆ ಕಡೆಯವುಗಳ ಸರದಿ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನದೊಳಗೆ ರಾಗಿ ಮುಟ್ಟದಿದ್ದರೆ ಬೀಸುವ ಕಲ್ಲು ನಿಲ್ಲುತ್ತಿತ್ತು. ನಮಗೆ ಉಳಿದದ್ದು ಈ ಹಗೇವೊಂದೇ: ನೆಲದೊಳಗೆ ಎರಡಾಳು ಆಳದ, ಕೊಡದ ಕತ್ತಿನಂಥ ಕಿರುಬಾಯಿಯ ಕಣಜ. ಮುಚ್ಚಿ ಮೂರು ವರ್ಷವಾಗಿತ್ತು.

ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಬಾಯಿ ತೆರೆದು ಒಂದು ಹಗಲು, ಒಂದು ರಾತ್ರಿ ಬಿಡಬೇಕು. ಆಮೇಲೆ ದೀಪ ಇಳಿಸಿ ನೋಡಬೇಕು. ದೀಪ ಉರಿದರೆ ಆಳು ಇಳಿಯಬಹುದು. ಹಿಂದಿನ ದಿನವೇ ನಾನು ಬಾಯಿ ತೆರೆಸಿದ್ದೆ. ಸಂಜೆ ಹನಿಯಿತು. ರಾಗಿ ನೆನೆದೀತೆಂದು ಬಾಯಿಗೆ ಗೋಣಿ ಹೊದಿಸಿ ಕಲ್ಲು ಹೇರಿಸಿದವನೂ ನಾನೇ. ಇದನ್ನು ಬಿಟ್ಟು ಉಳಿದದ್ದನ್ನು ಬರೆಯಲಾರೆ.

ದೀಪ ಒಂದು ಮೊಳ ಇಳಿದೊಡನೆ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮೋಟಾರಿನಲ್ಲಿ ಬಂದಿದ್ದ ಕಾರ್ಖಾನೆಯ ಯಜಮಾನರು, ಹೊರಗಿನ ಗಾಳಿಗೆ ಆರಿತು, ನಿನ್ನೆಯಿಂದ ತೆರೆದೇ ಇದೆಯಲ್ಲ ಎಂದರು. ನಾನು ಗೋಣಿಯ ವಿಷಯ ಹೇಳಿದೆ. ಹಗೇವು ಇಳಿಯುವುದೇ ಕಸುಬಾಗಿದ್ದ ಆಳು ನಕ್ಕ.

"ಬುಡಿ ಸಾ, ನಮ್ಮಪ್ಪನೂ ಇದ್ರಾಗೇ ಇಳ್ದಿದ್ದ. ಮನ್ಯಾಗೆ ಎಂಡ್ತಿ ಬಾಯಿಗಿಂತ ಈ ಬಾಯಿ ವಾಸಿ ಕಣ."

ನಾನು ತಡೆಯುವಷ್ಟರಲ್ಲಿ ಅವನ ತಲೆ ನೆಲದ ಕೆಳಗೆ ಹೋಗಿತ್ತು. ಒಳಗಿನಿಂದ ಏನೋ ಹೇಳುತ್ತಿದ್ದ. ಮಾತು ನಡುವೆ ನಿಂತಿತು. ರಾಗಿ ಹೇರಲು ಬಂದಿದ್ದ ಕಟ್ಟಾಯದ ಗಾಡಿಯವನೂ ನಾನೂ ಅವನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಎಳೆದೆವು. ಮೇಲೆ ಬಂದಾಗ ತುಟಿ ನೇರಳೆ ಹಣ್ಣಿನ ಬಣ್ಣವಾಗಿತ್ತು. ಬಹಳ ಹೊತ್ತಿನ ಮೇಲೆ ಕೆಮ್ಮಿ ನೀರು ಕೇಳಿದ.

ಯಜಮಾನರು ಕೈಗಡಿಯಾರ ನೋಡಿ, ಇನ್ನೊಬ್ಬನನ್ನು ಕರೆಸು ಎಂದರು.

ನಾನು ಹಗ್ಗ ಬಿಚ್ಚಿ, ಸುತ್ತಿ, ನೆಲದ ಮೇಲಿಟ್ಟು ಅದರ ಮೇಲೆ ಕೂತೆ.

"ಏಳಯ್ಯ. ಅಲ್ಲಿ ಬೀಸೋ ಕಲ್ಲು ನಿಲ್ತದೆ."

"ನಿಲ್ಲಲಿ ಸಾ. ದೀಪ ಉರಿಯೋವರ್ಗೂ ಇದ್ರೊಳಕ್ಕೆ ಯಾರೂ ಇಳಿಯಲ್ಲ. ಅವಸರ ಇದ್ರೆ ನೀವೇ ಇಳೀರಿ, ಹಗ್ಗ ಕೊಡ್ತೀನಿ."

ಅವರು ಇಳಿಯಲಿಲ್ಲ. ಕಲ್ಲು ನಿಂತಿತು. ಕತ್ತಲಾಗುವವರೆಗೆ ನಾನು ಏಳಲಿಲ್ಲ. ಮಾರನೆಯ ದಿನ ದೀಪ ತಳದವರೆಗೂ ಉರಿಯಿತು. ರಾಗಿ ಹೊರಟಿತು. ಆ ವಾರವೇ ನನ್ನನ್ನು ಕೆಲಸದಿಂದ ಬಿಡಿಸಿದರು. ಅಂಥ ಬೆಳಿಗ್ಗೆ ಮತ್ತೆ ಬಂದರೆ ಮತ್ತೆ ಹಗ್ಗದ ಮೇಲೆ ಕೂರುತ್ತೇನೆ.

ಇಳಿದವನು ಕುಡಿದಿದ್ದನೆಂದು ಆಮೇಲೆ ಕಾರ್ಖಾನೆಯಲ್ಲಿ ಮಾತು ಹುಟ್ಟಿಸಿದರು. ಅವನು ಕುಡಿದಿರಲಿಲ್ಲ. ನನ್ನ ಜೊತೆ ಹಗ್ಗ ಎಳೆದ ಗಾಡಿಯವನು ಕಟ್ಟಾಯದಲ್ಲಿ ಇನ್ನೂ ಇದ್ದಾನೆ. ಇಳಿದವನೂ ಇದ್ದಾನೆ, ಶಾಂತಿಗ್ರಾಮದಲ್ಲಿ, ಎರಡು ಎಮ್ಮೆ ಕಟ್ಟಿಕೊಂಡು.