ರುದ್ರಣ್ಣನ ಮೂರನೇ ಹಾಡು

ಒಂದು ಕ್ಯಾಸೆಟ್ಟಿನ ಮೇಲೆ ಹೊಸದನ್ನು ರೆಕಾರ್ಡ್ ಮಾಡಿದರೆ ಹಳೆಯದು ಅಳಿಸಿಹೋಗುತ್ತದೆ. ತುಮಕೂರಿನಲ್ಲಿ ಹನ್ನೆರಡು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದ ನನಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಯಾರಾದರೂ ದೆವ್ವ ಗಿವ್ವ ಅಂತ ಬಾಯಿ ತೆಗೆದರೆ ‘ಹೋಗ್ರೀ, ಪುರಾಣ ಬೇಡ’ ಅಂತ ಎಬ್ಬಿಸಿ ಕಳಿಸುತ್ತಿದ್ದವನು ನಾನು. ಈಗ ನಾನೇ ಒಂದು ಪುರಾಣ ಹೇಳಬೇಕಾಗಿದೆ. ನಂಬಿ ಎಂದು ಕೇಳುವ ಮುಖ ನನಗಿಲ್ಲ, ಯಾಕೆಂದರೆ ಇದು ಶುರುವಾಗುವುದೇ ನಾನು ಹೇಳಿದ ಒಂದು ಸುಳ್ಳಿನಿಂದ.

ಗುಬ್ಬಿಯ ರುದ್ರಣ್ಣ ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಭುಜದವರೆಗೆ ಕೂದಲು ಬಿಟ್ಟು, ಗಣೇಶನ ಪೆಂಡಾಲಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ತಾವೇ ಕಟ್ಟಿದ ಕನ್ನಡ ರಾಕ್ ಹಾಡುಗಳನ್ನು ಹಾಡುತ್ತಿದ್ದರು. ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ನಾವು ಸ್ಪೀಕರಿನ ಮುಂದೆಯೇ ಕೂರುತ್ತಿದ್ದೆವು. ಡ್ರಮ್ ಬಾರಿಸುತ್ತಿದ್ದವನು ಅವರ ತಮ್ಮ ಶಿವು. ಒಂದು ಕಾರ್ಯಕ್ರಮ ಮುಗಿಸಿ ಬರುವಾಗ ತುಮಕೂರಿನಾಚೆ ಕೋರ ಊರಿನ ಹತ್ತಿರ ಲಾರಿ ಹೊಡೆದು ಶಿವು ತೀರಿಕೊಂಡ. ರುದ್ರಣ್ಣ ಗಿಟಾರನ್ನು ಅಟ್ಟಕ್ಕೆ ಹಾಕಿ, ಕೂದಲು ಕತ್ತರಿಸಿಕೊಂಡು ತುಮಕೂರು ಪಕ್ಕದ ಸತ್ಯಮಂಗಲದ ಒಂದು ಫ್ಯಾಕ್ಟರಿಗೆ ಸೇರಿದರು. ಆಮೇಲೆ ಹದಿನೈದು ವರ್ಷ ಅವರು ಒಂದು ಸಾಲು ಗುನುಗಿದ್ದನ್ನೂ ಯಾರೂ ಕೇಳಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ದಿನ ಅಂಗಡಿಗೆ ಬಂದು ಒಂದು ಕ್ಯಾಸೆಟ್ ಕೈಗಿಟ್ಟರು. ಭಾನುವಾರ ಭಾನುವಾರ ಫ್ಯಾಕ್ಟರಿಯ ಗೆಳೆಯರನ್ನು ಮನೆಗೆ ಕರೆಸಿಕೊಂಡು ಎಂಟು ಹಾಡು ರೆಕಾರ್ಡ್ ಮಾಡಿದ್ದರಂತೆ.

“ಇದೊಂದೇ ಇರೋದು ಕಣಪ್ಪ. ಕೇಳು. ಚೆನ್ನಾಗೈತೆ ಅಂದ್ರೆ ಕಾಪಿ ಮಾಡ್ಸಿ ಅಂಗ್ಡೀಲಿ ಇಡೋಣ. ಇಲ್ಲ ಅಂದ್ರೆ ಅದನ್ನೂ ಹೇಳ್ಬುಡು. ನಿನ್ ಕಿವಿ ಮೇಲೆ ನಂಗೆ ನಂಬಿಕೆ” ಅಂದರು.

ನಾನು ಕೇಳಲಿಲ್ಲ. ಹಬ್ಬದ ಸೀಸನ್ನು, ನಾಳೆ ಕೇಳಿದರಾಯಿತು ಅಂತ ಮೂಲೆಗಿಟ್ಟೆ. ಅಷ್ಟರಲ್ಲಿ ಕುಣಿಗಲ್ಲಿನ ನಂಜುಂಡ ಅನ್ನುವವನು ಹಳೇ ಸಿನಿಮಾ ಹಾಡುಗಳ ಪಟ್ಟಿ ಹಿಡಿದು ಬಂದ. ಮಾರನೆಯ ದಿನ ಅವನ ಸಲೂನ್ ಓಪನಿಂಗ್. ಖಾಲಿ ಕ್ಯಾಸೆಟ್ ಒಂದೂ ಉಳಿದಿರಲಿಲ್ಲ, ಅವನು ಮಾತ್ರ ಕೌಂಟರ್ ಬಿಟ್ಟು ಕದಲಲಿಲ್ಲ. ಕ್ಯಾಸೆಟ್ಟಿನ ಬೆನ್ನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಇನ್ನೇನೂ ರೆಕಾರ್ಡ್ ಆಗುವುದಿಲ್ಲ. ರುದ್ರಣ್ಣ ಮುರಿದೇ ಕೊಟ್ಟಿದ್ದರು. ಆದರೆ ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ಆಗುತ್ತದೆ, ಅಂಗಡಿಯವರಿಗೆಲ್ಲ ಗೊತ್ತಿದ್ದ ಕಳ್ಳವಿದ್ಯೆ. ಕೈತಪ್ಪಿ ಆಯಿತು ಎಂದು ನಿಮಗೆ ಹೇಳಬಹುದಿತ್ತು. ಇಲ್ಲ, ಗೊತ್ತಿದ್ದೇ ಅಂಟಿಸಿದೆ. ಹದಿನೈದು ವರ್ಷ ಬಿಟ್ಟವರು ಇನ್ನೇನು ಹಾಡಿರುತ್ತಾರೆ ಅಂದುಕೊಂಡೆ. ಎರಡೂ ಕಡೆ ಕೊನೆಯವರೆಗೆ ಸಿನಿಮಾ ಹಾಡು ತುಂಬಿ, ಲೇಬಲ್ ಬರೆದು ನಂಜುಂಡನಿಗೆ ಕೊಟ್ಟೆ.

ವಾರ ಕಳೆದು ರುದ್ರಣ್ಣ ಬಂದರು. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು, ಅದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಏನಾದರೂ ಹೇಳಲೇಬೇಕಿತ್ತು. “ಕೇಳ್ದೆ ಅಣ್ಣ. ಪರವಾಗಿಲ್ಲ. ಮೂರನೇದು ಸ್ವಲ್ಪ ನಿಧಾನ ಆಯ್ತು. ಈಗಿನ ಜನಕ್ಕೆ ಹಿಡಿಸಲ್ಲ ಅನ್ಸುತ್ತೆ” ಅಂದೆ. ಮೂರು ಅಂತ ಯಾಕೆ ಬಾಯಿಗೆ ಬಂತೋ ಗೊತ್ತಿಲ್ಲ.

ಅವರು ಕೌಂಟರಿನ ಮೇಲಿಟ್ಟಿದ್ದ ಕೈ ತೆಗೆದರು. “ಮೂರನೇದು ಶಿವುಂದು. ಅದ್ಕೆ ಡ್ರಮ್ ಹಾಕ್ಲಿಲ್ಲ. ಸರಿ ಬುಡು. ಆ ಕ್ಯಾಸೆಟ್ಟು ನಿನ್ನತ್ರಾನೇ ಇರ್ಲಿ, ಅದ್ರ ಮೇಲೆ ಏನಾರ ರೆಕಾರ್ಡ್ ಮಾಡ್ಕೋ” ಎಂದು ಹೇಳಿ ಹೊರಟರು. ಗಿಟಾರ್ ಮತ್ತೆ ಅಟ್ಟ ಸೇರಿತೆಂದು ಆಮೇಲೆ ಯಾರೋ ಹೇಳಿದರು. ನನಗೆ ನಾಚಿಕೆಗಿಂತ ಮೊದಲು ಆದದ್ದು ಸಮಾಧಾನ, ಕ್ಯಾಸೆಟ್ ವಾಪಸ್ ಕೇಳಲಿಲ್ಲವಲ್ಲ ಅಂತ. ಥೂ, ನನ್ನ ಜನ್ಮಕ್ಕೆ.

ಏಳೆಂಟು ವರ್ಷ ಕಳೆದವು. ಸಿಡಿ ಬಂತು, ಕ್ಯಾಸೆಟ್ ಹೋಯಿತು, ನನ್ನ ಅಂಗಡಿಯಲ್ಲಿ ಮೊಬೈಲ್ ರೀಚಾರ್ಜ್ ಶುರುವಾಯಿತು. ಒಂದು ಮಧ್ಯಾಹ್ನ ಕುಣಿಗಲ್ಲಿಗೆ ಹೋದವನು ಶೇವಿಂಗಿಗೆಂದು ನಂಜುಂಡನ ಸಲೂನಿನಲ್ಲಿ ಕೂತೆ. ಅವನು ಸೋಪು ಹಚ್ಚಿ, ಹಳೇ ಟೇಪ್ ರೆಕಾರ್ಡರ್ ಹಾಕಿದ. ನಾನೇ ತುಂಬಿದ್ದ ಎರಡು ಸಿನಿಮಾ ಹಾಡು ಕ್ರಮವಾಗಿ ಬಂದವು. ಮೂರನೆಯದು ಬರುವ ಬದಲು ಯಾರೋ ಕೆಮ್ಮಿದರು. ಆಮೇಲೆ ರುದ್ರಣ್ಣನ ದನಿ: “ಇದು ನಿಧಾನ ಆಯ್ತು ಅಂದ ಕ್ಯಾಸೆಟ್ ಅಂಗ್ಡಿಯವ್ನು. ಇರ್ಲಿ ಬುಡಿ, ನಿಧಾನವಾಗೇ ಇರ್ಲಿ.”

ಗಿಟಾರ್ ಶುರುವಾಯಿತು. ಡ್ರಮ್ ಇರಲಿಲ್ಲ. ಡ್ರಮ್ ಬೀಳಬೇಕಾದ ಕಡೆಯಲ್ಲೆಲ್ಲ ರುದ್ರಣ್ಣ ಹಾಡು ನಿಲ್ಲಿಸಿ, ಅಷ್ಟು ಜಾಗ ಬಿಟ್ಟು ಮುಂದೆ ಹೋಗುತ್ತಿದ್ದರು. ಕುತ್ತಿಗೆಯ ಮೇಲೆ ನಂಜುಂಡನ ಕತ್ತಿ ಇತ್ತು, ಏಳುವ ಹಾಗಿರಲಿಲ್ಲ. ಕಣ್ಣೀರು ಸೋಪಿನೊಳಗೆ ಇಳಿಯಿತು.

ಅವರು ಆ ಹಾಡು ರೆಕಾರ್ಡ್ ಮಾಡಿದ್ದು ಮೊದಲು, ನಾನು ಅಳಿಸಿದ್ದು ಆಮೇಲೆ, ನಿಧಾನ ಅಂದದ್ದು ಅದಕ್ಕೂ ಆಮೇಲೆ. ಆ ಮಾತು ಅದರೊಳಗೆ ಬಂದದ್ದು ಹೇಗೆ? ಕ್ಯಾಸೆಟ್ ತೆಗೆಸಿ ನೋಡಿದೆ. ನನ್ನದೇ ಕೈಬರಹ, ಹಳದಿಯಾದ ನನ್ನದೇ ಸೆಲ್ಲೋಟೇಪ್.

“ಮೊದ್ಲಿಂದ ಹಂಗೇ ಐತಲ್ಲ ಸಾ, ನೀವೇ ಹಾಕ್ಕೊಟ್ಟಿದ್ದು. ಆ ಹಾಡು ಚೆನ್ನಾಗೈತೆ ಅಂತ ನಾನೂ ಸುಮ್ಕಿದ್ದೆ” ಅಂದ ನಂಜುಂಡ.

ಬೇಡಿಕೊಂಡು ಅದನ್ನು ಇಸಿದುಕೊಂಡು ನೇರ ಗುಬ್ಬಿಗೆ ಹೋದೆ. ರುದ್ರಣ್ಣನ ಕೂದಲೆಲ್ಲ ಬೆಳ್ಳಗಾಗಿತ್ತು. ಅವರ ಟೇಪ್ ರೆಕಾರ್ಡರಿಗೆ ಹಾಕಿದೆವು. ಒಂದು ಸಿನಿಮಾ ಹಾಡು, ಎರಡು, ಮೂರು. ಮೂರನೆಯದೂ ಸಿನಿಮಾ ಹಾಡೇ. ತಿರುಗಿಸಿ ಹಾಕಿದೆ, ಅಲ್ಲೂ ಅವೇ. ಆಗ ಎಲ್ಲವನ್ನೂ ಬಾಯಿಬಿಟ್ಟೆ: ಕೇಳದೇ ಇದ್ದದ್ದು, ಅಳಿಸಿದ್ದು, ಸುಳ್ಳು ಹೇಳಿದ್ದು, ಕುಣಿಗಲ್ಲಿನಲ್ಲಿ ಕೇಳಿದ್ದು.

ಅವರು ಬಯ್ಯಲಿಲ್ಲ. “ನೀನು ನಿಧಾನ ಅಂದಿದ್ದನ್ನ ನಾನು ಯಾರ್ಗೂ ಹೇಳಿಲ್ಲ ಕಣಪ್ಪ. ಹೇಳಾಕೆ ನಾಚ್ಕೆ ಆಗಿತ್ತು” ಅಂದರು. ಆಮೇಲೆ ಟೇಪ್ ನಿಲ್ಲಿಸಿ, ನನ್ನ ಮುಖ ನೋಡದೆ ಕೇಳಿದರು, “ಕುಣಿಗಲ್ಲಲ್ಲಿ ಕೇಳ್ದೆ ಅಂದ್ಯಲ್ಲ. ಹೆಂಗಿತ್ತು ಶಿವು ಹಾಡು?”

“ಬಹಳ ಚೆನ್ನಾಗಿತ್ತಣ್ಣ” ಅಂದೆ. ಅಷ್ಟು ನಿಜವಾದ ಮಾತನ್ನು ನಾನು ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲ.

ರುದ್ರಣ್ಣ ಕ್ಯಾಸೆಟ್ ತೆಗೆದು ನನ್ನ ಕೈಗೆ ವಾಪಸ್ ಕೊಟ್ಟರು. “ಸರಿ ಬುಡು” ಅಂದರು, ಅವತ್ತು ಅಂಗಡಿಯಲ್ಲಿ ಅಂದ ಹಾಗೆಯೇ.

ಕ್ಯಾಸೆಟ್ ಈಗಲೂ ನನ್ನ ಹತ್ತಿರವಿದೆ. ಎಷ್ಟು ಸಲ ಹಾಕಿದರೂ ಮೂರನೆಯದು ಸಿನಿಮಾ ಹಾಡೇ.